20×40 ಸೈಟಿನಲ್ಲಿ ತೊಟ್ಟಿ: ತೆರೆದಿಡೋದೋ, ಮುಚ್ಚೋದೋ?

ಗೋಪಾಳ_ಸೈಟು
ಶಿವಮೊಗ್ಗದಲ್ಲಿ 20×40 ಸೈಟು, ರಸ್ತೆ ಪಶ್ಚಿಮಕ್ಕೆ. ಉತ್ತರ, ದಕ್ಷಿಣ ಎರಡೂ ಕಡೆ ಪಕ್ಕದವರ ಗೋಡೆ ಎದ್ದಿದೆ. ನೆಲಮಾಳಿಗೆ ಇಲ್ಲ, ಕೆಳಗೊಂದು ಮೇಲೊಂದು ಅಂತಸ್ತು. ನಡುವೆ 8×10 ಅಡಿ ತೊಟ್ಟಿ (ಮೇಲೆ ಬಯಲಾದ ಒಳಅಂಗಳ) ಬಿಟ್ಟು ಗಿಡ ಹಾಕುವ ಯೋಚನೆ. ಮಳೆಗಾಲಕ್ಕೆ ಮೇಲೆ ಮುಚ್ಚಬೇಕಾ? ಯಾವ ಗಿಡ ಬದುಕುತ್ತೆ? ತಾರಸಿಗೆ ಒಂದಡಿ ಮಣ್ಣು ಹಾಕಿ ಸೊಪ್ಪು ಬೆಳೆಯಬಹುದಾ?

ಜಡಿತಟ್ಟಿ
ತೊಟ್ಟಿ ಬಿಡಲೇಬೇಕು, ಮೇಲೆ ಮುಚ್ಚೋದೂ ಬೇಡ. ಇಂಥ ಮನೆಯ ನಡುಭಾಗಕ್ಕೆ ಬೆಳಕು ಬೇರೆಲ್ಲಿಂದ ಬರಬೇಕು? ಆದರೆ 10 ಅಡಿಯನ್ನು ಉತ್ತರ–ದಕ್ಷಿಣಕ್ಕೆ ಇಡಿ. ನಮ್ಮಲ್ಲಿ ಡಿಸೆಂಬರ್ ನಡುಹಗಲಿಗೆ ಸೂರ್ಯ ಸುಮಾರು 53 ಡಿಗ್ರಿ ಎತ್ತರದಲ್ಲಿರುತ್ತಾನೆ. 10 ಅಡಿ ಅಗಲಕ್ಕೆ ಬಿಸಿಲು ಗೋಡೆಯ ತುದಿಯಿಂದ 13 ಅಡಿ ಇಳಿಯುತ್ತೆ, 8 ಅಡಿಗಾದರೆ ಹತ್ತೂವರೆ ಮಾತ್ರ. ಗೋಡೆ 20 ಅಡಿ ಇದ್ದರೆ ಚಳಿಗಾಲದಲ್ಲಿ ನೆಲಕ್ಕೆ ಬಿಸಿಲು ಮುಟ್ಟಲ್ಲ. ಉತ್ತರದ ಗೋಡೆಗೆ ಬಿಳಿ ಸುಣ್ಣ ಹೊಡೆಸಿ, ಅಲ್ಲಿಂದ ಬೆಳಕು ಕೆಳಗೆ ಚೆಲ್ಲುತ್ತೆ.

ಹಾಗಾಗಿ ನೆರಳಿನ ಗಿಡಗಳೇ ಸರಿ: ಜರೀಗಿಡ, ಕೆಸು, ವೀಳ್ಯದೆಲೆ, ಕಾಳುಮೆಣಸಿನ ಬಳ್ಳಿ. ದಾಸವಾಳ, ಮಲ್ಲಿಗೆ ರಸ್ತೆ ಕಡೆಗಿರಲಿ. ಅತ್ತಿ, ಅಶ್ವತ್ಥದ ಜಾತಿ ಬೇಡವೇ ಬೇಡ, ಬೇರು ನೆಲದಡಿಯ ನೀರಿನ ಸಂಪಿನೊಳಕ್ಕೆ ನುಗ್ಗುತ್ತೆ.

ತೊಟ್ಟಿಯ ನೆಲ ಒಳಮನೆಗಿಂತ 6 ಇಂಚು ತಗ್ಗಿರಲಿ, 10 ಅಡಿಗೆ ಒಂದೂಕಾಲು ಇಂಚು ವಾಟ (ಇಳಿಜಾರು). 4 ಇಂಚಿನ ಪೈಪು ಎರಡು ಹಾಕಿಸಿ. ಒಂದರ ಬಾಯಿಗೆ ಎಲೆ ಕೂತರೂ ಇನ್ನೊಂದು ಎಳೆಯುತ್ತೆ. ಗಂಟೆಗೆ 50 ಮಿ.ಮೀ. ಮಳೆ ಹೊಡೆದರೆ ತೊಟ್ಟಿಗೆ ಬೀಳೋದು 370 ಲೀಟರ್ ಅಷ್ಟೇ. 400 ಚದರಡಿ ಮಾಡಿನ ನೀರನ್ನೂ ಅಲ್ಲಿಗೇ ಬಿಟ್ಟರೆ ಇನ್ನೂ 1,850 ಲೀಟರ್! ಹಳೇ ತೊಟ್ಟಿ ಮನೆಯ ಅಂಗಳ ದೊಡ್ಡದು, ತಡೀತಿತ್ತು. ಮಾಡಿನ ನೀರಿಗೆ ಬೇರೆ ಪೈಪು ಕೊಟ್ಟು ಸಂಪಿನೊಳಕ್ಕೆ ಒಯ್ಯಿರಿ.

ಮುರಕಲ್ಲು
ಪೂರ್ತಿ ತೆರೆದಿಡೋದನ್ನು ನಾನು ಒಪ್ಪಲ್ಲ. ಆಷಾಢದ ಗಾಳಿಗೆ ಎರಚಲು ಜಗಲಿ ತನಕ ಬಂದು ಮರದ ಚೌಕಟ್ಟು ಉಬ್ಬುತ್ತೆ. ಬೆಳಕು ಬಿಡೋ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಶೀಟನ್ನು ತಾರಸಿ ಕಟ್ಟೆಯಿಂದ 2 ಅಡಿ ಮೇಲೆತ್ತಿ, ಸುತ್ತ 2 ಅಡಿ ಚಾಚಿಸಿ. ಪಕ್ಕಗಳಿಗೆ ಸೊಳ್ಳೆ ಜಾಲರಿ ಮಾತ್ರ. ಅಲ್ಲೂ ಗಾಜು ಕೂರಿಸಿದರೆ ಬಿಸಿಗಾಳಿ ಹೊರಹೋಗದೆ ಏಪ್ರಿಲ್‌ನಲ್ಲಿ ಮಹಡಿ ಕಾಯುತ್ತೆ.

ತಾರಸಿಗೆ ಒಂದಡಿ ಮಣ್ಣು ಬೇಡ. ಒದ್ದೆ ಮಣ್ಣು ಘನ ಅಡಿಗೆ ಸುಮಾರು 50 ಕೆಜಿ, ಅಂದರೆ ಚದರ ಮೀಟರಿಗೆ 500 ಕೆಜಿಗೂ ಹೆಚ್ಚು. ಮಾಮೂಲಿ ತಾರಸಿಗೆ ಲೆಕ್ಕ ಹಿಡಿಯುವ ಹೊರೆ 150–200. ತೆಂಗಿನ ನಾರಿನ ಪುಡಿ, ಗೊಬ್ಬರ ಬೆರೆಸಿದ ಚೀಲಗಳನ್ನು ತೊಲೆಯ ನೇರಕ್ಕೆ, ಇಟ್ಟಿಗೆ ಮೇಲೆ ಇಡಿ. ಕೆಳಗೆ ನೀರು ಹರಿಯಲಿ.

ಗೋಪಾಳ_ಸೈಟು
ಪಕ್ಕದವರ ಗೋಡೆಗೂ ನಮ್ಮದಕ್ಕೂ ನಡುವೆ 2 ಇಂಚು ಸಂದು ಉಳಿಯುತ್ತೆ. ಸಿಮೆಂಟ್ ತುಂಬಿಸಲಾ?

ಜಡಿತಟ್ಟಿ
ಬೇಡ. ಎರಡು ಮನೆ ಒಂದೇ ಸಮ ನೆಲಕ್ಕಿಳಿದು ಕೂರಲ್ಲ, ಸಿಮೆಂಟ್ ಬಿರುಕು ಬಿಟ್ಟು ನೀರು ಒಳಗಿಳಿಯುತ್ತೆ. ಅವರನ್ನು ಕೇಳಿ, ಎತ್ತರದ ಗೋಡೆಗೆ ಉದ್ದ ಸೀಳು ಕೊರೆದು ಜಿಂಕ್ ತಗಡು ಸಿಕ್ಕಿಸಿ, ತಗ್ಗಿನದರ ಮೇಲೆ 4 ಇಂಚು ಇಳಿಬಿಡಿ. ಮೊಳೆ ಒಂದೇ ಗೋಡೆಗೆ ಹೊಡೆಯಿರಿ, ಎರಡಕ್ಕೂ ಬೇಡ. ಮೇಲಿನ ಗಿಲಾವು ಮುಗಿಯೋ ಮೊದಲೇ ಈ ಕೆಲಸ ಆಗಬೇಕು.