‘ರೆಸ್ಟೊರೇಟಿವ್ ಜಸ್ಟಿಸ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ,

ಹೋವರ್ಡ್ ಝೆರ್ ಅವರ ಬಗ್ಗೆ ಒಂದು ಪರಿಚಯ ಲೇಖನ ಬರೆಯುತ್ತಿದ್ದೇನೆ. ಅಮೆರಿಕದ ಈಸ್ಟರ್ನ್ ಮೆನೊನೈಟ್ ವಿಶ್ವವಿದ್ಯಾಲಯದಲ್ಲಿ 1996ರಿಂದ ‘ರೆಸ್ಟೊರೇಟಿವ್ ಜಸ್ಟಿಸ್’ ಪಾಠ ಮಾಡಿದವರು. ತಪ್ಪು ಮಾಡಿದವರಿಗೆ ಬರೀ ಶಿಕ್ಷೆ ಕೊಡುವ ಬದಲು, ನೊಂದವರಿಗೆ ಆದ ಹಾನಿಯನ್ನು ಅವರಿಂದಲೇ ಸರಿಮಾಡಿಸುವ ನ್ಯಾಯ ಅದು. ವಿಷಯ ಅರ್ಥವಾಗಿದೆ, ಹೆಸರಿನಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ.

‘ಪುನಃಸ್ಥಾಪನಾ ನ್ಯಾಯ’ ಎಂದು ಬರೆದು ನೋಡಿದೆ. ಜೀರ್ಣೋದ್ಧಾರವಾದ ಗುಡಿಯಲ್ಲಿ ಮೂರ್ತಿ ಕೂರಿಸಿದ ಹಾಗಿದೆ. ‘ಪರಿಹಾರ ನ್ಯಾಯ’ ಅಂದರೆ ಹೆದ್ದಾರಿಗೆ ಜಮೀನು ಕಳೆದುಕೊಂಡವರ ನೆನಪು. ‘ರಾಜಿ’ ಹತ್ತಿರದ ಮಾತು. ಆದರೆ ರಾಜಿಯಲ್ಲಿ ಇಬ್ಬರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಡಬೇಕು. ಕಿಟಕಿ ಒಡೆಸಿಕೊಂಡವರು ಯಾಕೆ ಬಿಟ್ಟುಕೊಡಬೇಕು?

ಕಿಟಕಿಯ ಮಾತು ಸುಮ್ನೆ ಬಂದಿದ್ದಲ್ಲ. 1974ರಲ್ಲಿ ಕೆನಡಾದ ಎಲ್ಮೈರಾದಲ್ಲಿ ಇಬ್ಬರು ಹುಡುಗರು ಕುಡಿದು ಒಂದೇ ರಾತ್ರಿ 22 ಕಡೆ ಕಿಟಕಿ, ಕಾರಿನ ಟೈರು ಹಾಳುಮಾಡಿದರು. ಪ್ರೊಬೇಷನ್ ಅಧಿಕಾರಿ ಮಾರ್ಕ್ ಯಾಂಟ್ಸಿ ಅವರ ಸಲಹೆಯಂತೆ ನ್ಯಾಯಾಧೀಶರು ಆ ಹುಡುಗರನ್ನು ಮನೆಮನೆಗೆ ಕಳಿಸಿದರು. ಹುಡುಗರು ಬಾಗಿಲು ತಟ್ಟಿ, ತಪ್ಪೊಪ್ಪಿಕೊಂಡು, ನಷ್ಟ ಎಷ್ಟೆಂದು ಕೇಳಿ, ಆಮೇಲೆ ತುಂಬಿಕೊಟ್ಟರು. 1978ರಲ್ಲಿ ಅಮೆರಿಕದ ಇಂಡಿಯಾನಾದ ಎಲ್ಕಾರ್ಟ್‌ನಲ್ಲೂ ತಪ್ಪು ಮಾಡಿದವರನ್ನು ನೊಂದವರ ಎದುರಿಗೆ ಕೂರಿಸುವ ಇಂಥದ್ದೇ ಕೆಲಸ ಶುರುವಾಯಿತು. ಇತಿಹಾಸದ ಮೇಷ್ಟರಾಗಿದ್ದ ಝೆರ್ ಈ ಕೆಲಸಕ್ಕೆ ಇಳಿದದ್ದು ಅಲ್ಲಿ.

ನಮ್ಮಲ್ಲಿ ‘ತಪ್ಪು ಕಾಣಿಕೆ’ ಅನ್ನೋ ಚಂದದ ಮಾತಿದೆ. ಅದನ್ನೇ ಹಿಡಿದು ಪದ ಕಟ್ಟೋಣ ಅಂದುಕೊಂಡೆ. ಆಮೇಲೆ ಹೊಳೆಯಿತು: ತಪ್ಪು ಕಾಣಿಕೆ ಹೋಗುವುದು ದೇವರ ಹುಂಡಿಗೆ, ದಂಡ ಹೋಗುವುದು ಸರ್ಕಾರಕ್ಕೆ. ನೊಂದವರ ಕೈಗೆ ಸಾಮಾನ್ಯವಾಗಿ ಏನೂ ಇಲ್ಲ. ಝೆರ್ ಅವರ ತಕರಾರೂ ಇದೇ ಅಲ್ವಾ! ಯಾವ ಕಾನೂನು ಮುರಿಯಿತು ಅನ್ನೋದು ಆಮೇಲೆ. ಯಾರಿಗೆ ನೋವಾಯಿತು, ಅವರಿಗೆ ಏನು ಬೇಕು, ಅದನ್ನು ತೀರಿಸುವ ಹೊಣೆ ಯಾರದು ಎಂದು ಮೊದಲು ಕೇಳಿ ಅನ್ನುತ್ತಾರೆ ಅವರು.

ಸದ್ಯಕ್ಕೆ ‘ಸರಿಪಡಿಸುವ ನ್ಯಾಯ’ ಎಂದು ಇಟ್ಟುಕೊಂಡಿದ್ದೇನೆ. ಓದುವ ಹುಡುಗರಿಗೆ ತಿಳಿಯುತ್ತದೆ. ಒಂದೇ ಅಳುಕು, ತಪ್ಪು ಮಾಡಿದವನನ್ನು ಬಡಿದು ದಾರಿಗೆ ತರೋದು ಎಂದೂ ಕೇಳಿಸಬಹುದು. ‘ಸರಿಪಡಿಸುವ ನ್ಯಾಯದ ಪ್ರಾಧ್ಯಾಪಕರು’ ಅಂದರಂತೂ ಮೇಷ್ಟರು ರಿಪೇರಿ ಅಂಗಡಿ ಇಟ್ಟ ಹಾಗೆ. ‘ವಿಕ್ಟಿಮ್’ಗೆ ‘ಸಂತ್ರಸ್ತ’ ಬಿಟ್ಟು ‘ನೊಂದವರು’ ಎಂದಿದ್ದೇನೆ. ಸಂತ್ರಸ್ತ ಅಂದರೆ ಪತ್ರಿಕೆ ಓದುವವರ ಕಣ್ಣಿಗೆ ನೆರೆಯ ನೀರೇ ಬರುತ್ತದೆ.

ಇನ್ನೊಂದು ಕೇಳಬೇಕು. ಇದೇ ದಾರಿಯಲ್ಲಿ ಯೋಚಿಸಿದ ಆಸ್ಟ್ರೇಲಿಯಾದ ಅಪರಾಧಶಾಸ್ತ್ರಜ್ಞ ಜಾನ್ ಬ್ರೇತ್‌ವೇಟ್ 1989ರಲ್ಲಿ ನಾಚಿಕೆಯನ್ನು ಎರಡಾಗಿ ಬಿಡಿಸಿದರು. ಮಾಡಿದ ಕೆಲಸಕ್ಕೆ ನಾಚುವಂತೆ ಮಾಡಿ ಮತ್ತೆ ಒಳಗೆ ಕರೆದುಕೊಳ್ಳುವುದು ಒಂದು. ಮನುಷ್ಯನನ್ನೇ ಹೊರಗಿಡುವುದು ಇನ್ನೊಂದು. ಹೊರಗಿಡೋದಕ್ಕೆ ‘ಬಹಿಷ್ಕಾರ’, ‘ಮರ್ಯಾದೆ ತೆಗೆಯೋದು’ ಎಂದು ನಮ್ಮಲ್ಲಿ ಮಾತು ಬೇಕಾದಷ್ಟಿವೆ. ಒಳಗೆ ಕರೆದುಕೊಳ್ಳೋದಕ್ಕೆ ನಿಮ್ಮ ಊರ ಕಡೆ ಏನಾದರೂ ಪದ ಇದೆಯಾ?