ಕಪ್ಪೆಚಿಪ್ಪಿನ ಮ್ಯಾಂಟಲ್ ಮುದುಡುತ್ತಿದೆ: ಕಾರಣವೇನಿರಬಹುದು?

ಪ್ರಶ್ನೆ: ನಮ್ಮ ರೀಫ್ ಟ್ಯಾಂಕಿನಲ್ಲಿ (ಹವಳಗಳನ್ನು ಸಾಕುವ ಉಪ್ಪುನೀರಿನ ಅಕ್ವೇರಿಯಂ) ಎಂಟು ತಿಂಗಳಿಂದ ಆರೋಗ್ಯವಾಗಿದ್ದ ಟ್ರೈಡಾಕ್ನಾ ಮ್ಯಾಕ್ಸಿಮಾ ಜಾತಿಯ ದೈತ್ಯ ಕಪ್ಪೆಚಿಪ್ಪು ಕಳೆದ ವಾರದಿಂದ ಮ್ಯಾಂಟಲನ್ನು (ಚಿಪ್ಪಿನಿಂದ ಹೊರಚಾಚುವ ಬಣ್ಣದ ಮಾಂಸಲ ಪದರ) ಪೂರ್ತಿಯಾಗಿ ಚಾಚುತ್ತಿಲ್ಲ; ಒಂದು ಬದಿಯ ಅಂಚು ಚಿವುಟಿದಂತೆ ಒಳಕ್ಕೆ ಮಡಿಚಿಕೊಂಡಿದೆ. ಬಣ್ಣ ಮಾಸಿಲ್ಲ, ನೆರಳು ಬಿದ್ದರೆ ಈಗಲೂ ಥಟ್ಟನೆ ಮುಚ್ಚಿಕೊಳ್ಳುತ್ತದೆ. ಕ್ಯಾಲ್ಸಿಯಂ 420 ಪಿಪಿಎಂ, ಆಲ್ಕಲಿನಿಟಿ (ನೀರಿನ ಕ್ಷಾರೀಯತೆ) 8 ಡಿಕೆಎಚ್ ಎಂಬ ಮಾನದಲ್ಲಿ, ಉಷ್ಣತೆ 26 ಡಿಗ್ರಿ ಸೆಲ್ಸಿಯಸ್ ಇದೆ. ಬೆಳಕನ್ನು ಹೆಚ್ಚಿಸಬೇಕೇ?

ಉತ್ತರ 1: ದಯವಿಟ್ಟು ಈಗ ಬೆಳಕನ್ನು ಬದಲಿಸಬೇಡಿ. ಬೆಳಕಿನ ಅಥವಾ ಶಾಖದ ತೊಂದರೆಯಾಗಿದ್ದರೆ ಮ್ಯಾಂಟಲಿನೊಳಗಿನ ಸಹಜೀವಿ ಪಾಚಿಗಳು ಕಡಿಮೆಯಾಗಿ ಬಣ್ಣ ಸಾಮಾನ್ಯವಾಗಿ ಬಿಳಿಚಿಕೊಳ್ಳುತ್ತದೆ, ನಿಮ್ಮಲ್ಲಿ ಹಾಗಾಗಿಲ್ಲ. ದೀಪ ಆರಿಸಿ ಎರಡು ಗಂಟೆಯ ಬಳಿಕ ಟಾರ್ಚ್ ಹಿಡಿದು ಚಿಪ್ಪಿನ ಮೇಲಂಚನ್ನೂ ಬುಡದ ರಂಧ್ರವನ್ನೂ ಪರೀಕ್ಷಿಸಿ. ಅಕ್ಕಿಕಾಳಿನಷ್ಟು ಚಿಕ್ಕ ಬಿಳಿ ಪಿರಮಿಡೆಲ್ಲಿಡ್ ಬಸವನಹುಳುಗಳು ರಾತ್ರಿ ಹೊತ್ತು ಹೊರಬಂದು, ಉದ್ದನೆಯ ಸೊಂಡಿಲನ್ನು ಚುಚ್ಚಿ ಕಪ್ಪೆಚಿಪ್ಪಿನ ದೇಹದ್ರವವನ್ನು ಹೀರುತ್ತವೆ. ಕಂಡರೆ ಮೃದುವಾದ ಬ್ರಷ್ಷಿನಿಂದ ಅವನ್ನೂ, ಚಿಪ್ಪಿಗೆ ಅಂಟಿದ ಲೋಳೆಯಂತಹ ಮೊಟ್ಟೆಗಳನ್ನೂ ಉಜ್ಜಿ ತೆಗೆಯಿರಿ. ಮೊಟ್ಟೆ ಉಳಿದರೆ ಕಾಟ ಮರುಕಳಿಸುವುದರಿಂದ ಹಲವು ವಾರ ಇದನ್ನು ಬಿಡದೆ ಮಾಡಬೇಕು. ಹಗಲಲ್ಲಿ ಯಾವುದಾದರೂ ಮೀನು ಅಂಚನ್ನು ಕಚ್ಚುತ್ತಿದೆಯೇ ಎಂಬುದನ್ನೂ ಗಮನಿಸಿ.

ಉತ್ತರ 2: ಹುಳುವೂ ಇಲ್ಲ, ಮೀನಿನ ಕಾಟವೂ ಇಲ್ಲವೆಂದಾದರೆ ಹವ್ಯಾಸಿಗಳು ‘ಪಿಂಚ್ಡ್ ಮ್ಯಾಂಟಲ್’ ಎನ್ನುವ ರೋಗವನ್ನು ಶಂಕಿಸಬೇಕು. ಟ್ಯಾಂಕಿನ ಉಷ್ಣತೆಗೂ ಪಿಎಚ್‌ಗೂ ಹೊಂದಿಸಿದ ಆರ್‌ಒ ಸಿಹಿನೀರಿನಲ್ಲಿ ಸುಮಾರು 20–30 ನಿಮಿಷ ಮುಳುಗಿಸಿಡುವುದು ಹವ್ಯಾಸಿಗಳಲ್ಲಿ ರೂಢಿಯಲ್ಲಿರುವ ಚಿಕಿತ್ಸೆ. ಇದು ಜೀವಿಗೆ ಬಹಳ ಆಯಾಸ ತರುವುದರಿಂದ ಮೊದಲ ಉಪಾಯವಾಗಿ ಮಾಡಬಾರದು ಎಂಬುದು ನನ್ನ ಅಭಿಪ್ರಾಯ. ಬಂಡೆಗೆ ಅಂಟಿಕೊಂಡಿದ್ದರೆ ಎಳೆಯಲೇಬೇಡಿ. ಅಂಟುದಾರಗಳು ಬುಡಸಹಿತ ಕಿತ್ತುಬಂದರೆ ಆ ಗಾಯವೇ ಪ್ರಾಣಕ್ಕೆ ಎರವಾಗಬಹುದು.

ಪ್ರಶ್ನಿಸಿದವರು: ನಿನ್ನೆ ರಾತ್ರಿ ನೋಡಿದಾಗ ಬುಡದಲ್ಲಿ ಆರು ಬಿಳಿ ಹುಳುಗಳು ಸಿಕ್ಕವು. ಉಜ್ಜಿ ತೆಗೆದಿದ್ದೇನೆ; ಸಿಹಿನೀರಿನ ಚಿಕಿತ್ಸೆಯನ್ನು ಸದ್ಯಕ್ಕೆ ಕೈಬಿಟ್ಟಿದ್ದೇನೆ.