ವಿಮಾನ ಹೊಡೆದುರುಳಿಸುವ ಎಸ್-400 ಮಿಸೈಲ್ ವ್ಯವಸ್ಥೆಯ ರೇಂಜ್ 400 ಕಿ.ಮೀ. ಅಂದರೆ ಅಷ್ಟು ದೂರ ಎಲ್ಲಾ ಕಾಣುತ್ತದಾ?

ಹಾಸನದ_ಹುಡುಗ:
ಪೆದ್ದು ಪ್ರಶ್ನೆ, ಬೈಬೇಡಿ. ಮ್ಯಾಪ್ ಮೇಲೆ ಅಳೆದು ನೋಡಿದೆ, ನಮ್ಮ ವಾಯುನೆಲೆ ಇರುವ ಪಂಜಾಬಿನ ಆದಂಪುರದಿಂದ ಲಾಹೋರ್ ನೇರ ಗೆರೆಯಲ್ಲಿ ಸುಮಾರು 130 ಕಿ.ಮೀ., ಇಸ್ಲಾಮಾಬಾದ್ ಸುಮಾರು 350. ಹಾಗಾದರೆ ಅಲ್ಲಿ ಏನೇ ಮೇಲೆದ್ದರೂ ನಮಗೆ ಕಾಣಬೇಕಲ್ವಾ? ಮತ್ತೆ 2025ರ ಮೇನಲ್ಲಿ ಅಷ್ಟೊಂದು ಡ್ರೋನ್ ಗಡಿ ದಾಟಿ ಬಂದಿದ್ದು ಹೇಗೆ?

ಎತ್ತರದ_ಲೆಕ್ಕ:
400 ಅನ್ನೋದು ಮಿಸೈಲ್ ಹೋಗುವ ದೂರ ಗುರು, ರೇಡಾರ್ ನೋಡುವ ದೂರ ಅಲ್ಲ. ಭೂಮಿ ಗುಂಡಗಿದೆ, ಕೆಳಗೆ ಹಾರಿದ್ದು ಅದರ ಬೆನ್ನ ಹಿಂದೆ ಅಡಗುತ್ತದೆ. ಅಂದಾಜು ಲೆಕ್ಕ ಹೇಳುತ್ತೇನೆ: ವಿಮಾನದ ಎತ್ತರವನ್ನು ಮೀಟರಿನಲ್ಲಿ ತಗೊಂಡು, ವರ್ಗಮೂಲ ಮಾಡಿ, 4.1ರಿಂದ ಗುಣಿಸಿ. 10,000 ಮೀಟರಿಗೆ 410 ಕಿ.ಮೀ. ಅದೇ 100 ಮೀಟರಿಗೆ ಬರೀ 41! ರೇಡಾರನ್ನು ಉದ್ದದ ಕಂಬದ ಮೇಲೆ ಏರಿಸಿದರೆ ಇನ್ನೊಂದು ಇಪ್ಪತ್ತು, ಇಪ್ಪತ್ತೈದು ಸೇರಬಹುದು, ಅಷ್ಟೇ. ಇನ್ನು ಡ್ರೋನಿಗೆ ಈ ಮಿಸೈಲ್ ಹೊಡೆಯೋದು ಗುಬ್ಬಿ ಮೇಲೆ ಬ್ರಹ್ಮಾಸ್ತ್ರ. ಅದಕ್ಕೆ ಹಳೇ ಎಲ್-70 ವಿಮಾನ ಹೊಡೆಯುವ ಗನ್ನುಗಳೇ ಕೆಲಸಕ್ಕೆ ಬಂದವು.

ಸುಮ್ನೆ_ಓದುವವ:
ಹಾಗಾದರೆ 300 ಕಿ.ಮೀ. ದೂರದ ಹೊಡೆತ? 2025ರ ಆಗಸ್ಟ್ 9ರಂದು ವಾಯುಪಡೆ ಮುಖ್ಯಸ್ಥ ಎ.ಪಿ. ಸಿಂಗ್ ನಮ್ಮ ಬೆಂಗಳೂರಲ್ಲೇ ಭಾಷಣ ಮಾಡುತ್ತಾ, ಅಷ್ಟು ದೂರದಲ್ಲಿ ಒಂದು ದೊಡ್ಡ ವಿಮಾನ ಬೀಳಿಸಿದೆವು ಅಂದರು. ಪಾಕಿಸ್ತಾನ ಒಪ್ಪಿಲ್ಲ.

ಎತ್ತರದ_ಲೆಕ್ಕ:
ಅದೇ ಲೆಕ್ಕ ಹಾಕಿ. ಐದೂವರೆ ಸಾವಿರ ಮೀಟರ್ ಮೇಲಿದ್ದರೆ 300 ಕಿ.ಮೀ.ಗೂ ಕಾಣುತ್ತದೆ. ಕಣ್ಗಾವಲು ವಿಮಾನಕ್ಕೆ ಇದೇ ಫಜೀತಿ, ದೂರ ನೋಡಬೇಕು ಅಂದರೆ ಮೇಲೆ ಹೋಗಲೇಬೇಕು, ಮೇಲೆ ಹೋದರೆ ಇವರ ಕಣ್ಣಿಗೂ ಬೀಳುತ್ತದೆ. ಬಿದ್ದಿದ್ದು ನಿಜವಾ ಸುಳ್ಳಾ ಅನ್ನೋ ಜಗಳಕ್ಕೆ ನಾನು ಬರಲ್ಲ.

ಮಲ್ಪೆ_ಮಾರಾಯ:
ನನಗೆ ರೇಂಜ್‌ಗಿಂತ ಗುರುತು ಹಿಡಿಯೋದರದ್ದೇ ಜಾಸ್ತಿ ಭಯ ಮಾರಾಯ್ರೆ. 2019ರ ಫೆಬ್ರವರಿ 27ರಂದು ಬಡ್‌ಗಾಮ್‌ನಲ್ಲಿ ನಮ್ಮ ಮಿಸೈಲೇ ನಮ್ಮ ಎಂಐ-17 ಹೆಲಿಕಾಪ್ಟರ್ ಹೊಡೆಯಿತು. ಒಳಗಿದ್ದ ಆರು ಜನ, ನೆಲದ ಮೇಲಿದ್ದ ಒಬ್ಬರು ಸತ್ತರು. ಮುಂದಿನ ಜನವರಿಯಲ್ಲಿ ಟೆಹ್ರಾನ್ ಹತ್ತಿರ ಇರಾನ್ ಹೊಡೆದಿದ್ದು ಪ್ರಯಾಣಿಕರ ವಿಮಾನ, 176 ಜನ. 2025ರ ಏಪ್ರಿಲ್‌ನಲ್ಲಿ ಭಾರತ, ಪಾಕಿಸ್ತಾನ ಒಬ್ಬರ ವಿಮಾನಕ್ಕೆ ಇನ್ನೊಬ್ಬರು ಆಕಾಶ ಮುಚ್ಚಿದ ಮೇಲೆ ನಮ್ಮ ಅಕ್ಕ ದೆಹಲಿಯಿಂದ ಲಂಡನ್‌ಗೆ ಸುತ್ತು ಹಾಕಿ ಹೋಗಬೇಕಾಯಿತು ಅಂತ ಗೊಣಗಿದಳು. ಗೊಣಗಲಿ, ಸುತ್ತಿಕೊಂಡೇ ಹೋಗು ಅಂದೆ.

ಹಾಸನದ_ಹುಡುಗ:
ಥ್ಯಾಂಕ್ಸ್. ನಮ್ಮ ಟೆರೇಸ್ 9 ಮೀಟರ್ ಇದೆ. ಮೂರು ಗುಣಿಸು 4.1, ಹನ್ನೆರಡು ಕಿ.ಮೀ. ಚಿಲ್ಲರೆ. ಬೇಲೂರೂ ಸಿಗಲ್ಲ.